ಅಜ್ಜಿಯ 23 ಕ್ಯಾಸೆಟ್, 2 ಹಾಡಿನ ಪುಸ್ತಕ, ಒಂದು ಹಾರ್ಮೋನಿಯಂ: ಯಾವುದರಿಂದ ಶುರು ಮಾಡುವುದು?

ಮಲ್ಪೆ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಅಜ್ಜಿ ತೀರಿಕೊಂಡು ಎಂಟು ತಿಂಗಳಾಯ್ತು. ಸುತ್ತಲಿನ ಮನೆಗಳಲ್ಲಿ ಮದುವೆ, ಸೀಮಂತ, ತೊಟ್ಟಿಲು, ತುಳಸಿಪೂಜೆ ಎಂತ ಇದ್ದರೂ ಹಾಡಲಿಕ್ಕೆ ಅವರನ್ನೇ ಕರೆಯುತ್ತಿದ್ದರು. ಶೋಭಾನೆ, ಉರುಟಣೆ (ಮದುಮಕ್ಕಳ ಆಟದ ಶಾಸ್ತ್ರ) ಹಾಡು, ದಾಸರ ಪದ, ಗದ್ದೆಯ ಹೆಂಗಸರಿಂದ ಕಲಿತ ತುಳು ನೇಜಿ (ನಾಟಿ) ಪದ ಎಲ್ಲ ಬಾಯಿಪಾಠ. ಹಾರ್ಮೋನಿಯಂ ಯಾರೂ ಹೇಳಿಕೊಡದೆ ಕಲಿತದ್ದು.

ಈಗ ಮನೆಯಲ್ಲಿ ಉಳಿದದ್ದು ಇಷ್ಟು: ಕ್ಯಾಸೆಟ್ 23 (60 ನಿಮಿಷದ್ದು 17, 90 ನಿಮಿಷದ್ದು 6). ಐದಾರರಲ್ಲಿ ಬಿಳಿ ಬೂಸ್ಟು ಕಾಣ್ತದೆ. ಕೈಬರಹದ ಹಾಡಿನ ಪುಸ್ತಕ 2. ಮೂರೂಕಾಲು ಸಪ್ತಕದ, ಎರಡು ಸಾಲು ರೀಡಿನ (ದನಿ ಕೊಡುವ ಹಿತ್ತಾಳೆ ನಾಲಗೆ) ಹಾರ್ಮೋನಿಯಂ ಒಂದು. ಮಳೆಗಾಲದಲ್ಲಿ ನಾಲ್ಕು ಕೀ ಹಿಡಿದುಕೊಂಡಿವೆ, ಒಂದು ತನ್ನಷ್ಟಕ್ಕೆ ಕೂಗ್ತದೆ. ಕಪ್ಪು ಮೂರರ (ಸಪ್ತಕದ ಮೂರನೇ ಕಪ್ಪು) ಕೀ ಮೇಲೆ ಕುಂಕುಮದ ಬೊಟ್ಟು ಇದೆ. ವರ್ಷದ ಕಾರ್ಯದ ದಿನ ಅವರ ದನಿ ಎಲ್ಲರಿಗೂ ಕೇಳಿಸಬೇಕು ಅಂತ ಆಸೆ. ಮೊದಲು ಹಾರ್ಮೋನಿಯಂ ರಿಪೇರಿಗೆ ಕೊಡುವುದಾ, ಕ್ಯಾಸೆಟ್ ಅಂಗಡಿಗೆ ಕೊಡುವುದಾ?

ರೀಡು‑ಕೀಲಿ, ಕಾರ್ಕಳ

ಹಾರ್ಮೋನಿಯಂ ರಿಪೇರಿಗೆ ಕೊಡಬೇಡಿ ಅಕ್ಕ. ಈಗಲೇ ಬೇಡ. ರಿಪೇರಿಯವರು ಮೊದಲು ಮಾಡುವ ಕೆಲಸವೇ ರೀಡು ಕೆರೆದು ಇವತ್ತಿನ ಟ್ಯೂನರಿಗೆ ಕೂಡಿಸುವುದು. ಒಮ್ಮೆ ಕೆರೆದ ಹಿತ್ತಾಳೆ ವಾಪಸು ಬರುವುದಿಲ್ಲ. ನಿಮ್ಮ ಅಜ್ಜಿ ಯಾವ ಶ್ರುತಿಗೆ ಹಾಡಿದರು ಎಂಬುದಕ್ಕೆ ಆ ಪೆಟ್ಟಿಗೆಯೇ ಸಾಕ್ಷಿ.

ಮೊದಲು ಪ್ರತಿ ಸ್ವರವನ್ನೂ ಇದ್ದ ಹಾಗೆ ರೆಕಾರ್ಡ್ ಮಾಡಿ. ಮೂರೂಕಾಲು ಸಪ್ತಕ ಎಂದರೆ 39 ಕೀ. ಒಂದು ಸಾಲು ರೀಡು ಮಾತ್ರ ತೆರೆದು 39, ಇನ್ನೊಂದು ಸಾಲು ತೆರೆದು 39, ಒಟ್ಟು 78. ಒಂದೊಂದಕ್ಕೆ 10 ಸೆಕೆಂಡು ಕೊಟ್ಟರೆ 13 ನಿಮಿಷದ ಕೆಲಸ. ಮೊಬೈಲು ಏರೋಪ್ಲೇನ್ ಮೋಡ್‌ನಲ್ಲಿ, ಪೆಟ್ಟಿಗೆಯಿಂದ ಸುಮಾರು 1 ಮೀಟರ್ ದೂರ, ವೇವ್ ಫೈಲ್ ಕೊಡುವ ಆ್ಯಪ್. ಪ್ರತಿ ಸ್ವರದ ಮೊದಲು ಬಾಯಲ್ಲೇ ಹೇಳಿ: "ಒಂದನೇ ಸಾಲು, ಕಪ್ಪು ಮೂರು". ತಿದಿಯನ್ನು ಒಂದೇ ಹದದಲ್ಲಿ ಒತ್ತಬೇಕು, ಗಾಳಿ ಜಾಸ್ತಿ ಕಮ್ಮಿ ಆದರೆ ಸ್ವರವೂ ಸ್ವಲ್ಪ ಅಲುಗಾಡ್ತದೆ. ಹಿಡಿದುಕೊಂಡ ಕೀಗಳನ್ನು ಬಲವಂತ ಮಾಡಬೇಡಿ. ಅದು ಮರ ಉಬ್ಬಿದ್ದು. ಜನವರಿ ಫೆಬ್ರವರಿಯ ಒಣ ಹವೆಯಲ್ಲಿ ಅರ್ಧಕ್ಕರ್ಧ ತಾನೇ ಬಿಡ್ತದೆ. ಬಿಸಿಲಿಗೆ ಇಟ್ಟರೆ ಮಾತ್ರ ಹಲಗೆ ಬಿರುಕು ಬಿಡ್ತದೆ, ಆಮೇಲೆ ಗಾಳಿ ಸೋರುವುದು ನಿಲ್ಲಿಸ್ಲಿಕ್ಕೆ ಆಗುವುದಿಲ್ಲ.

ಕುಂಕುಮದ ಬೊಟ್ಟು ಒರೆಸಬೇಡಿ. ಅದು ಅವರ ಷಡ್ಜ, ಹಾಡಿಗೆ ಆಧಾರದ "ಸ".

ಟೇಪ್‌ಪೆಟ್ಟಿಗೆ

ರೀಡು‑ಕೀಲಿಯವರು ಹೇಳಿದ್ದಕ್ಕೆ ಕ್ಯಾಸೆಟ್ಟಿನ ಕಡೆಯಿಂದಲೂ ದೊಡ್ಡ ಕಾರಣ ಉಂಟು.

ಮನೆಯಲ್ಲಿ ರೆಕಾರ್ಡ್ ಮಾಡಿದ ಟೇಪುಗಳ ವೇಗ ನಂಬಲಿಕ್ಕಾಗದು. ಲೆಕ್ಕಪ್ರಕಾರ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಸೆಲ್ಲು ಇಳಿದಿದ್ದಾಗ ರೆಕಾರ್ಡ್ ಮಾಡಿದರೆ ಟೇಪು ನಿಧಾನ ಓಡಿರ್ತದೆ, ಈಗ ಸರಿಯಾದ ಡೆಕ್‌ನಲ್ಲಿ ಹಾಕಿದಾಗ ಅಜ್ಜಿಯ ದನಿ ಸಣ್ಣ ಹುಡುಗಿಯ ದನಿಯ ಹಾಗೆ ಕೇಳ್ತದೆ. ತುಂಬ ಮನೆಗಳಲ್ಲಿ ಆ ತಪ್ಪು ದನಿಯೇ "ಅಜ್ಜಿಯ ದನಿ" ಅಂತ ಉಳಿದುಬಿಡ್ತದೆ.

ಹಿಂದೆ ಅವರದ್ದೇ ಹಾರ್ಮೋನಿಯಂ ಇದ್ದರೆ ಸರಿಮಾಡಬಹುದು. ಲೆಕ್ಕ ನೋಡಿ. ಕಪ್ಪು ಮೂರು ಎಂದರೆ ಸುಮಾರು 370 ಹರ್ಟ್ಸ್. ಟೇಪಿನಲ್ಲಿ ಅದೇ ಕೀ 392 ಎಂದು ಕೇಳಿದರೆ ಒಂದು ಅರೆಸ್ವರ ಮೇಲೆ ಇದೆ, ಅಂದರೆ ಶೇಕಡ 6ರಷ್ಟು ಜೋರಾಗಿ ಓಡ್ತಾ ಇದೆ. 370 ಭಾಗಿಸು 392 ಎಂದರೆ 0.944. ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ "ಚೇಂಜ್ ಸ್ಪೀಡ್ ಆ್ಯಂಡ್ ಪಿಚ್" ಎಂಬಲ್ಲಿ ಈ ಸಂಖ್ಯೆ ಕೊಡಿ. "ಚೇಂಜ್ ಪಿಚ್" ಮುಟ್ಟಬೇಡಿ, ಅದು ಶ್ರುತಿ ಇಳಿಸಿ ಕಾಲವನ್ನು ಹಾಗೇ ಬಿಡ್ತದೆ. ಹಾಡಿನ ನಡೆ ತಪ್ಪಾಗಿಯೇ ಉಳೀತದೆ. ನಿಮ್ಮ ಪೆಟ್ಟಿಗೆಯ ರೀಡು ಈಗ ಇಳಿದು 366 ಬಂದರೆ ಉತ್ತರ 0.934. ಎರಡಕ್ಕೂ ಶೇಕಡ 1ರ ವ್ಯತ್ಯಾಸ, ಅಷ್ಟು ಅನುಮಾನ ಇಟ್ಟುಕೊಳ್ಳಬಹುದು. ಆದರೆ ರೀಡು ಕೆರೆಸಿದ ಮೇಲೆ ಈ ಲೆಕ್ಕಕ್ಕೆ ಆಧಾರವೇ ಇಲ್ಲ.

ಬಿಳಿನಾಲ್ಕು

ಟೇಪ್‌ಪೆಟ್ಟಿಗೆಯವರೇ, ಹಾರ್ಮೋನಿಯಂ ಇಲ್ಲದೆ ಬರೀ ಬಾಯಲ್ಲಿ ಹಾಡಿದ ಟೇಪಿಗೆ ಎಂತ ಮಾಡುವುದು? ಕರೆಂಟಿನ 50 ಹರ್ಟ್ಸ್ ಗುಂಯ್ ಶಬ್ದ ಹಿಡಿದು ಸರಿಮಾಡಬಹುದು ಅಂತ ಹೇಳ್ತಾರೆ.

ಟೇಪ್‌ಪೆಟ್ಟಿಗೆ

ಆಗ್ತದೆ, ಎರಡು ಕಡೆ ಜಾಗ್ರತೆ ಬೇಕು. ಒಂದು, ಸರಿಯಾಗಿ 50ರಲ್ಲೇ ಗುಂಯ್ ಕಂಡರೆ ಅದು ನಿಮ್ಮ ಈಗಿನ ಡೆಕ್ ಅಥವಾ ವಯರಿನದ್ದಿರಬಹುದು. ಕ್ಯಾಸೆಟ್ ನಿಲ್ಲಿಸಿ ನೋಡಿ. ಆಗಲೂ ಇದ್ದರೆ ಅದು ಟೇಪಿನದ್ದಲ್ಲ. ಎರಡು, ಆ ಕಾಲದಲ್ಲಿ ಗ್ರಿಡ್ಡಿನ ಆವರ್ತನ 50ರಲ್ಲಿ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಹಾಗಾಗಿ ದೊಡ್ಡ ತಪ್ಪು ತಿದ್ದಲಿಕ್ಕೆ ಸಾಕು, ಸೂಕ್ಷ್ಮಕ್ಕೆ ಸಾಲದು. ಸೆಲ್ಲಿನಲ್ಲಿ ಮಾಡಿದ ರೆಕಾರ್ಡಿಂಗ್ ಆದರೆ ಗುಂಯ್ ಇರುವುದೇ ಅಪರೂಪ.

ಈಗ ಕ್ಯಾಸೆಟ್ ಕೆಲಸ. ನಿಮ್ಮದು ಒಟ್ಟು 17×60 ಮತ್ತು 6×90, ಅಂದರೆ 1,560 ನಿಮಿಷ, 26 ಗಂಟೆ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋ ವೇವ್‌ನಲ್ಲಿ ಗಂಟೆಗೆ ಸುಮಾರು 1.04 ಜಿಬಿ, ಪೂರ್ತಿ 27 ಜಿಬಿ. ಇಷ್ಟಕ್ಕೆ ಎಂಪಿ3 ಮಾಡಿ ಉಳಿಸುವಂಥದ್ದೇನಿಲ್ಲ. ದಿನಕ್ಕೆ ಎರಡು ಕ್ಯಾಸೆಟ್ ಮಾಡಿದರೆ 12 ದಿನ.

ಬೂಸ್ಟು ಬಂದದ್ದನ್ನು ಬೇರೆ ಡಬ್ಬಿಗೆ ಹಾಕಿ, ಕೊನೆಗೆ ಮಾಡಿ. ಅದನ್ನು ಮೊದಲು ಡೆಕ್ಕಿಗೆ ಹಾಕಿದರೆ ಹೆಡ್ಡಿಗೆ, ರಬ್ಬರ್ ರೋಲರಿಗೆ ಬೂಸ್ಟು ಹತ್ತಿ ಒಳ್ಳೆಯ ಕ್ಯಾಸೆಟ್ಟಿಗೂ ಹೋಗ್ತದೆ. ಒಣ ಹವೆಯ ದಿನ, ಮನೆಯ ಹೊರಗೆ, ಎನ್95 ಮಾಸ್ಕ್ ಹಾಕಿ ಶೆಲ್ ಬಿಚ್ಚಿ. ಐದು ಸ್ಕ್ರೂ ಇರುವ ಶೆಲ್ ಸುಲಭ. ಅಂಟಿಸಿದ ಶೆಲ್ ಆದರೆ ಬ್ಲೇಡಿನಿಂದ ಬಿಡಿಸಿ, ಟೇಪಿನ ಸುರುಳಿಯನ್ನು ಹಳೆಯ ಸ್ಕ್ರೂ ಶೆಲ್ಲಿಗೆ ವರ್ಗಾಯಿಸಬೇಕು. ಸುರುಳಿಯ ಅಂಚನ್ನು ಒಣ ಮೆತ್ತನೆ ಬ್ರಶ್‌ನಿಂದ ಒರೆಸಿ. ನೀರು ಬೇಡ.

ಎಲ್ಲ ಕ್ಯಾಸೆಟ್ಟಿಗೂ ಪ್ಲೇ ಮಾಡುವ ಮೊದಲು ಶೆಲ್ಲಿನ ಮಧ್ಯದ ಸಣ್ಣ ಫೆಲ್ಟ್ ಪ್ಯಾಡ್ ನೋಡಿ. ಅಂಟು ಒಣಗಿ ಬಿದ್ದುಹೋಗಿರ್ತದೆ. ಪ್ಯಾಡ್ ಇಲ್ಲದಿದ್ದರೆ ಟೇಪು ಹೆಡ್ಡಿಗೆ ಸರಿಯಾಗಿ ತಾಗುವುದಿಲ್ಲ, ದನಿ ಮಂಕಾಗಿ ಬಂದು ಬಂದು ಹೋಗ್ತದೆ. ಜನ "ಟೇಪು ಹಾಳಾಗಿದೆ" ಎಂದು ಬಿಸಾಡ್ತಾರೆ. ಬೇಡದ ಕ್ಯಾಸೆಟ್ಟಿನಿಂದ ಪ್ಯಾಡ್ ತೆಗೆದು ಹಾಕಿದರೆ ಆಯ್ತು. ಆಮೇಲೆ ಒಂದು ಸಲ ಪೂರ್ತಿ ಮುಂದೆ, ಪೂರ್ತಿ ಹಿಂದೆ ಸುತ್ತಿ, ಸುರುಳಿ ಬಿಗಿ ಸಮ ಆಗಲಿ. ಹಿಂಬದಿಯ ಎರಡು ಪ್ಲಾಸ್ಟಿಕ್ ಹಲ್ಲು ಮುರಿದುಬಿಡಿ, ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ. ಟೇಪು ತುಂಡಾಗಿದ್ದರೆ ಸೆಲ್ಲೋ ಟೇಪ್ ಹಾಕಲೇಬೇಡಿ, ಅದರ ಅಂಟು ಕರಗಿ ಪಕ್ಕದ ಸುತ್ತಿಗೆ ಹಿಡೀತದೆ. ಸ್ಪ್ಲೈಸಿಂಗ್ ಟೇಪ್ ತರಿಸಿ, ಹೆಡ್ಡಿಗೆ ತಾಗದ ಬದಿಗೆ ಹಚ್ಚಿ.

ಪ್ರತಿ ಕ್ಯಾಸೆಟ್ ಆದ ಮೇಲೆ ಹೆಡ್ಡನ್ನು 99 ಶೇಕಡದ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ. ಡಾಲ್ಬಿ (ಟೇಪಿನ ಗಲಾಟೆ ತಗ್ಗಿಸುವ) ಗುಂಡಿ ಆಫ್ ಇರಲಿ. ಮನೆಯ ರೆಕಾರ್ಡರಿನಲ್ಲಿ ಅದು ಇದ್ದಿರಲಿಕ್ಕಿಲ್ಲ, ಈಗ ಆನ್ ಮಾಡಿದರೆ ದನಿಯ ಮೇಲಿನ ಹೊಳಪು ಹೋಗ್ತದೆ. ಡೆಕ್ಕಿನ ಲೈನ್ ಔಟಿನಿಂದ ಯುಎಸ್‌ಬಿ ಇಂಟರ್‌ಫೇಸಿಗೆ ಕೊಡಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಕೊಟ್ಟರೆ ಒಡಕು ದನಿ ಬರ್ತದೆ. ಅತಿ ಜೋರಿನ ಜಾಗದಲ್ಲಿ ಮೀಟರ್ ಮೈನಸ್ 6ರ ಹತ್ತಿರ ನಿಲ್ಲಲಿ.

ಇನ್ನೊಂದು ಇದೆ, ಆಮೇಲೆ ತಿದ್ದಲಿಕ್ಕಾಗದ್ದು: ಅಜಿಮತ್. ಮನೆಯ ರೆಕಾರ್ಡರಿನ ಹೆಡ್ ಸ್ವಲ್ಪ ವಾಲಿದ್ದರೆ ಆ ವಾಲಿಕೆಯಲ್ಲೇ ದನಿ ಬರೆದಿರ್ತದೆ. ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ, ಮೊದಲಿನ ಜಾಗಕ್ಕೆ ಗುರುತು ಹಾಕಿ, ಕಾಲು ಸುತ್ತಿನೊಳಗೆ ತಿರುಗಿಸುತ್ತ "ಸ", "ಚ" ಅಕ್ಷರಗಳು ಎಲ್ಲಿ ಅತಿ ಸ್ಪಷ್ಟ ಕೇಳ್ತದೋ ಅಲ್ಲಿ ನಿಲ್ಲಿಸಿ. ಕ್ಯಾಸೆಟ್ ಬದಲಾದ ಹಾಗೆ ಮತ್ತೆ ನೋಡಬೇಕು. ಅಂಗಡಿಗೆ ಕೊಡುವುದಾದರೆ ಈ ಪ್ರಶ್ನೆಯನ್ನೇ ಕೇಳಿ. ಉತ್ತರ ಗೊತ್ತಿಲ್ಲದವರಿಗೆ ಕೊಡಬೇಡಿ.

ಪಡುಬಿದ್ರಿ ಧ್ವನಿ

ಈಗ ಎಐ ಸಾಫ್ಟ್‌ವೇರ್ ಇದೆಯಲ್ಲ, ಹಾರ್ಮೋನಿಯಂ, ಫ್ಯಾನಿನ ಶಬ್ದ, ಮಕ್ಕಳ ಗಲಾಟೆ ಎಲ್ಲ ತೆಗೆದು ಬರೀ ದನಿ ಕೊಡ್ತದೆ. ಕಾರ್ಯದ ದಿನ ಕೇಳಿಸಲಿಕ್ಕೆ ಅದೇ ಒಳ್ಳೆಯದಲ್ವಾ?

ಬಿಳಿನಾಲ್ಕು

ಹಾರ್ಮೋನಿಯಂ ಬಾರಿಸಿದ್ದೂ ಅವರೇ ಅಲ್ವಾ ಮಾರಾಯ್ರೆ. ಅರ್ಧ ಅಜ್ಜಿಯನ್ನು ತೆಗೆದ ಹಾಗಾಗ್ತದೆ.

ಟೇಪ್‌ಪೆಟ್ಟಿಗೆ

ಪ್ರತಿಯ ಮೇಲೆ ಏನು ಬೇಕಾದರೂ ಮಾಡಿ, ಮೂಲ ಫೈಲ್ ಮುಟ್ಟಬೇಡಿ. ನಾಯ್ಸ್ ರಿಡಕ್ಷನ್ ಹಾಕುವುದಾದರೆ 6ರಿಂದ 9 ಡೆಸಿಬೆಲ್, ಅದಕ್ಕಿಂತ ಜಾಸ್ತಿ ಬೇಡ. ದೊಡ್ಡ ತಪ್ಪು ಆಗುವುದು ಮಾದರಿ ಆರಿಸುವಾಗ. ಶ್ರುತಿ ಹಿಡಿದು ಹಾಡು ಶುರುವಾಗದ ಜಾಗವನ್ನು "ಇದು ನಾಯ್ಸ್" ಎಂದು ತೋರಿಸಿದರೆ, ಒಂದೇ ಸಮ ಇರುವ ಶ್ರುತಿಯನ್ನೇ ಗಲಾಟೆ ಎಂದು ತಿಳಿದು ಹಾಡಿನುದ್ದಕ್ಕೂ ತಿಂದುಹಾಕ್ತದೆ. ಟೇಪು ಓಡುತ್ತಿದ್ದು ಶ್ರುತಿಯೂ ಇಲ್ಲದ ಅರ್ಧ ಸೆಕೆಂಡು ಸಿಕ್ಕಿದರೂ ಸಾಕು, ಅದನ್ನೇ ಆರಿಸಿ. ಉಸಿರು ತೆಗೆಯುವ ಶಬ್ದ ಇರಲಿ. ಎಲ್ಲಿ ಉಸಿರು ತೆಗೀತಾರೋ ಅಲ್ಲಿ ಸಾಲು ಒಡೀತದೆ, ಸ್ವರಲಿಪಿ ಬರೆಯುವವರಿಗೆ ಅದು ಬೇಕು.

ಸ್ವರಲಿಪಿ, ಕಡಿಯಾಳಿ

ಹೌದು, ಬೇಕೇ ಬೇಕು.

ಹಾಡು ಬರೆದಿಡುವ ಕ್ರಮ ಹೇಳ್ತೇನೆ. ಮೊದಲು ಸಾಹಿತ್ಯ, ಅವರು ಹಾಡಿದ ಹಾಗೆಯೇ. ಅಚ್ಚಿನ ಪುಸ್ತಕದಲ್ಲಿ ಬೇರೆ ಶಬ್ದ ಇದ್ದರೆ ತಿದ್ದಬೇಡಿ. ಎರಡು ಕಾಲಂ ಮಾಡಿ, ಎಡಕ್ಕೆ ಹಾಡಿದ್ದು, ಬಲಕ್ಕೆ ಅಚ್ಚಿನದ್ದು. ಬಾಯಿಂದ ಬಾಯಿಗೆ ಬಂದ ಪಾಠದಲ್ಲಿ ವ್ಯತ್ಯಾಸ ಇರುವುದು ಸಹಜ, ಆ ವ್ಯತ್ಯಾಸವೇ ಅವರು ಯಾರಿಂದ ಕಲಿತರೆಂದು ಹೇಳುವ ದಾರಿ. ಆಮೇಲೆ ಷಡ್ಜ ಗುರುತಿಸಿ. ಆಮೇಲೆ ಕೈಯಲ್ಲಿ ತಟ್ಟಿ ಎಣಿಕೆ ನೋಡಿ: 7 ಬಂದರೆ ಮಿಶ್ರಛಾಪು, 5 ಬಂದರೆ ಖಂಡಛಾಪು, 8 ಬಂದರೆ ಆದಿ. ಕೆಲವು ಶೋಭಾನೆ ಯಾವ ಎಣಿಕೆಗೂ ಕೂರುವುದಿಲ್ಲ, ಉಸಿರಿನ ಅಳತೆಗೆ ಹೋಗ್ತದೆ. ಅದನ್ನು ಎಳೆದು ತಂದು ಆದಿತಾಳಕ್ಕೆ ಕೂರಿಸಬೇಡಿ, "ಎಣಿಕೆ ಇಲ್ಲ" ಎಂದೇ ಬರೆಯಿರಿ. ರಾಗದ ಹೆಸರಿಗೂ ಇದೇ ಮಾತು. ನಾಲ್ಕೈದು ಸ್ವರದಲ್ಲಿ ಮುಗಿಯುವ ಧಾಟಿಗೆ ರಾಗದ ಹೆಸರು ಹಚ್ಚಿದರೆ, ಮುಂದೆ ಹಾಡುವವರು ಆ ರಾಗದ ಉಳಿದ ಸ್ವರಗಳನ್ನೂ ತಂದು ಸೇರಿಸ್ತಾರೆ, ಅಜ್ಜಿಯ ಧಾಟಿ ಅಲ್ಲಿಗೆ ಹೋಯ್ತು.

ಬರೆಯಲಿಕ್ಕೆ ಮಾಮೂಲು ಕ್ರಮ ಸಾಕು: ತಾರಸ್ಥಾಯಿಗೆ ಮೇಲೆ ಚುಕ್ಕಿ, ಮಂದ್ರಕ್ಕೆ ಕೆಳಗೆ ಚುಕ್ಕಿ, ಒಂದು ಅಕ್ಷರಕಾಲ ಎಳೆದರೆ ಅಲ್ಪವಿರಾಮ, ಎರಡಾದರೆ ಅರ್ಧವಿರಾಮ, ದುಪ್ಪಟ್ಟು ವೇಗಕ್ಕೆ ಮೇಲೆ ಗೆರೆ. ಉಸಿರಿಗೆ ಬೇರೆ ಗುರುತು, ಸಣ್ಣ ವಿ ಹಾಕಿದರೂ ಆಗ್ತದೆ. ವಾದಿರಾಜರ ಲಕ್ಷ್ಮೀ ಶೋಭಾನೆಯಂಥ ನೂರಕ್ಕೂ ಹೆಚ್ಚು ನುಡಿಗಳ ಹಾಡನ್ನು ಪೂರ್ತಿ ಬರೆಯಲಿಕ್ಕೆ ಹೊರಟು ಇಪ್ಪತ್ತನೇ ನುಡಿಗೆ ಕೈಬಿಟ್ಟವರೇ ಜಾಸ್ತಿ. ಮೊದಲ ನುಡಿ ಪೂರ್ತಿ ಬರೆಯಿರಿ. ಉಳಿದದ್ದರಲ್ಲಿ ಧಾಟಿ ಬದಲಾದ ಸಾಲು ಮಾತ್ರ. ಹೆಚ್ಚಾಗಿ ಅಕ್ಷರ ಜಾಸ್ತಿ ಇರುವ ಸಾಲಿನಲ್ಲಿ ಬದಲಾಗ್ತದೆ, ಅದನ್ನು ಹೇಗೆ ಹೊಂದಿಸಿಕೊಂಡರು ಎಂಬುದರಲ್ಲೇ ಹಾಡುವವರ ಜಾಣತನ ಕಾಣುವುದು.

ಹಾರ್ಮೋನಿಯಂನಲ್ಲಿ ಒತ್ತಿ ಒತ್ತಿ ನೋಡಿ ಬರೆಯುವವರಿಗೆ ಎಚ್ಚರಿಕೆ. ಪೆಟ್ಟಿಗೆಗೆ 12 ಸ್ಥಾನ ಮಾತ್ರ. ಕಂಠ ಎರಡರ ನಡುವೆ ಜಾರ್ತದೆ. ಸಂಶಯ ಇದ್ದ ಕಡೆ ಪ್ರಾಟ್ ಸಾಫ್ಟ್‌ವೇರಿನಲ್ಲಿ ಸ್ವರದ ಗೆರೆ ನೋಡಿ, "ಗ, ಸ್ವಲ್ಪ ತಗ್ಗಿ" ಎಂದು ಪಕ್ಕದಲ್ಲಿ ಬರೆಯಿರಿ.

ಪಾಡ್ದನ ಕುಡ್ಲ

ತುಳು ಪದಗಳ ಬಗ್ಗೆ ಒಂದು ಮಾತು. ಕನ್ನಡ ಲಿಪಿಯಲ್ಲಿ ಬರೆಯುವಾಗ ತುಳುವಿನ ಎರಡು ಬಗೆಯ ಎಕಾರ ಒಂದೇ ಆಗಿಹೋಗ್ತದೆ. "ಪೋಪೆ" ಎಂದು ಬರೆದರೆ ನಾನು ಹೋಗ್ತೇನೆ ಎಂದೂ ಆಗ್ತದೆ, ಅವನು ಹೋಗ್ತಾನೆ ಎಂದೂ ಆಗ್ತದೆ. ಕಿವಿಗೆ ವ್ಯತ್ಯಾಸ ಸ್ಪಷ್ಟ, ಕಾಗದದಲ್ಲಿ ಇಲ್ಲ. ನೇಜಿ ಪದದಲ್ಲಿ ಇದು ತಪ್ಪಿದರೆ ಮಾತಾಡುವವರು ಯಾರೆಂದೇ ಗೊತ್ತಾಗದು. ಅಗಲದ ಎಕಾರಕ್ಕೆ ಕೆಳಗೆ ಒಂದು ಗೆರೆ, ಪದದ ಕೊನೆಯ ಅರ್ಧ ಉಕಾರಕ್ಕೆ ಮೇಲೆ ಒಂದು ಗೆರೆ ಎಂದು ನೀವೇ ನಿಯಮ ಮಾಡಿ, ಮೊದಲ ಪುಟದಲ್ಲೇ ಬರೆದಿಡಿ.

ಅರ್ಥವಾಗದ ಶಬ್ದಕ್ಕೆ ಯು.ಪಿ. ಉಪಾಧ್ಯಾಯರ ಸಂಪಾದಕತ್ವದ ತುಳು ನಿಘಂಟು ನೋಡಿ, 6 ಸಂಪುಟ. ಅದು ಸಿದ್ಧವಾದ ಉಡುಪಿಯ ಎಂಜಿಎಂ ಕಾಲೇಜಿನ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲೂ ವಿಚಾರಿಸಬಹುದು. ಅದಕ್ಕಿಂತ ಮೊದಲು ಅಜ್ಜಿಯ ಜೊತೆಗೆ ಸೊಲ್ಲು ಹಿಡಿಯುತ್ತಿದ್ದ (ಹಿಂದಿನಿಂದ ಸಾಲು ಎತ್ತಿ ಹಾಡುತ್ತಿದ್ದ) ಹೆಂಗಸರು ಯಾರಾದರೂ ಇದ್ದಾರಾ ನೋಡಿ, ಅವರಿಗೆ ಟೇಪು ಕೇಳಿಸಿ. ಪುಸ್ತಕ ಹತ್ತು ವರ್ಷ ಕಳೆದರೂ ಕಪಾಟಿನಲ್ಲಿರ್ತದೆ. "ಅಜ್ಜಿಯ ಬಗ್ಗೆ ಹೇಳಿ" ಅಂತ ಕೇಳಿದರೆ ಒಳ್ಳೆಯವರು ಎಂದಷ್ಟೇ ಹೇಳ್ತಾರೆ. "ಈ ಹಾಡು ಎಣ್ಣೆ ಅರಶಿನಕ್ಕಾ, ಆರತಿಗಾ?", "ಯಾರ ಬಾಯಿಂದ ಬಂದದ್ದು?", "ಎರಡನೇ ಸಾಲು ಯಾರು ಎತ್ತಿಕೊಳ್ಳುತ್ತಿದ್ದರು?" ಎಂದು ಕೇಳಿ. ಒಂದು ಸಲಕ್ಕೆ 40 ನಿಮಿಷ ಸಾಕು, ವಯಸ್ಸಾದವರು ದಣೀತಾರೆ.

ಕಡತ

ಹಾಡಿನ ಪುಸ್ತಕ: ಲ್ಯಾಮಿನೇಶನ್ ಬೇಡ, ಸೆಲ್ಲೋ ಟೇಪ್ ಬೇಡ, ಒದ್ದೆ ಬಟ್ಟೆ ಬೇಡ (ಶಾಯಿ ಪೆನ್ನಿನ ಬರಹ ಹರಿದುಹೋಗ್ತದೆ). ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 400 ಡಿಪಿಐ, ಬಣ್ಣದಲ್ಲಿ, ಟಿಫ್ ಫೈಲ್. ಕಪ್ಪುಬಿಳುಪಿನಲ್ಲಿ ಮಾಡಿದರೆ ಪೆನ್ಸಿಲಿನಲ್ಲಿ ಆಮೇಲೆ ಸೇರಿಸಿದ ಸಾಲು ಯಾವುದೆಂದು ಗೊತ್ತಾಗುವುದಿಲ್ಲ. ಖಾಲಿ ಪುಟ, ರಟ್ಟು, ಒಳಗೆ ಸಿಕ್ಕಿಸಿದ ಚೀಟಿ, ಎಲ್ಲ ಅದೇ ಅನುಕ್ರಮದಲ್ಲಿ ಸ್ಕ್ಯಾನ್ ಆಗಲಿ.

ಬಿಳಿನಾಲ್ಕು

ಕ್ಯಾಸೆಟ್ಟಿನ ಮೇಲೆ ಇಸವಿ ಬರೆದಿದ್ದಾರಾ?

ಮಲ್ಪೆ ಮೊಮ್ಮಗಳು

ಎರಡರಲ್ಲಿ ಮಾತ್ರ. ಉಳಿದದ್ದರಲ್ಲಿ "ದೇವರ ಹಾಡು", "ಸಣ್ಣವಳ ಮದುವೆ" ಹೀಗೆ. ಒಂದರಲ್ಲಿ ಹಾಡಿನ ಮಧ್ಯೆ ಯಾರೋ "ಅದಮಾರು ಪರ್ಯಾಯಕ್ಕೆ ಹೋದಾಗ" ಅಂತ ಮಾತಾಡುವುದು ಕೇಳ್ತದೆ.

ಬಿಳಿನಾಲ್ಕು

ಹಾಗಾದರೆ ಸುಳಿವು ಸಿಕ್ಕಿತು. ಪರ್ಯಾಯ (ಉಡುಪಿ ಕೃಷ್ಣಮಠದ ಪೂಜೆಯ ಸರದಿ ಬದಲಾಗುವುದು) ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ಇಸವಿಯ ಜನವರಿ 18ಕ್ಕೆ. ಎಂಟು ಮಠಕ್ಕೆ 16 ವರ್ಷದ ಸುತ್ತು. ಅದಮಾರು ಪರ್ಯಾಯ ಶುರುವಾದದ್ದು 1972, 1988, 2004, 2020. ಕ್ಯಾಸೆಟ್ ಎಂದ ಮೇಲೆ 1988 ಅಥವಾ 2004 ಇರುವ ಸಂಭವ ಜಾಸ್ತಿ. ದನಿ ಕೇಳಿದರೆ ಯಾವುದೆಂದು ನಿಮಗೇ ಗೊತ್ತಾಗ್ತದೆ. "ಹೋದಾಗ" ಎಂದದ್ದರಿಂದ ರೆಕಾರ್ಡಿಂಗ್ ಆಮೇಲಿನದ್ದೂ ಆಗಿರಬಹುದು, ಮೊದಲಿನದ್ದಂತೂ ಅಲ್ಲ. ಹಿಂದೆ ರೇಡಿಯೋ ಕೇಳಿ "ಆಕಾಶವಾಣಿ ಮಂಗಳೂರು" ಎಂದರೆ 1976ರ ಆಮೇಲೆ. ಇಂಥ ಮಾತು, ಹಿನ್ನೆಲೆ ಶಬ್ದ ಯಾವುದನ್ನೂ ಕತ್ತರಿಸಬೇಡಿ.

ರೀಡು‑ಕೀಲಿ, ಕಾರ್ಕಳ

ಇದಕ್ಕೆ ಹಾರ್ಮೋನಿಯಂ ಸೇರಿಸಿ. ವೇಗ ಸರಿಮಾಡಿದ ಮೇಲೆ ಪ್ರತಿ ಟೇಪಿನಲ್ಲಿ ಯಾವ ಕೀ ಒತ್ತಿದ್ದಾರೆ ನೋಡಿ. ವಯಸ್ಸಾದಂತೆ ಹೆಂಗಸರ ಕಂಠ ಇಳೀತದೆ. ಪೆಟ್ಟಿಗೆಯ ಎಲ್ಲ ಸ್ವರಗಳೂ ಒಟ್ಟಿಗೆ ಮೇಲೆ ಕೆಳಗೆ ಹೋಗಿದ್ದರೆ ಅದು ಟೇಪಿನ ವೇಗದ ತಪ್ಪು. ಸ್ವರಗಳು ಸರಿ ಇದ್ದು ಅಜ್ಜಿ ಕೆಳಗಿನ ಕೀಗೆ ಹೋಗಿದ್ದರೆ ಅದು ಅವರ ಕಂಠವೇ ಇಳಿದದ್ದು. ಕಪ್ಪು ಮೂರರಿಂದ ಬಿಳಿ ನಾಲ್ಕಕ್ಕೆ, ಅಲ್ಲಿಂದ ಬಿಳಿ ಮೂರಕ್ಕೆ ಇಳಿದದ್ದು ಸಿಕ್ಕಿದರೆ ಕ್ಯಾಸೆಟ್ಟುಗಳನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸ್ಲಿಕ್ಕೆ ಆಗ್ತದೆ. ಇಸವಿ ಬರೆದ ಎರಡು ಟೇಪುಗಳಿಂದ ಶುರು ಮಾಡಿ.

ತನ್ನಷ್ಟಕ್ಕೆ ಕೂಗುವ ಸ್ವರದ ಬಗ್ಗೆ: ಅದು ರೀಡಿನ ದೋಷ ಅಲ್ಲ, ಕೀ ಕೆಳಗಿನ ತೊಗಲು ಹಚ್ಚಿದ ಪಟ್ಟಿ ತೂತಿನ ಮೇಲೆ ಸರಿಯಾಗಿ ಕೂರುತ್ತಿಲ್ಲ. ಜಿರಳೆ ತೊಗಲು ತಿಂದಿರ್ತದೆ, ಇಲ್ಲ ಸ್ಪ್ರಿಂಗ್ ಸೋತಿರ್ತದೆ. ರೀಡು ಮುಟ್ಟದೆಯೇ ಸರಿಮಾಡಬಹುದು. ದನಿ ಬಾರದ ರೀಡು ಇದ್ದರೆ ನಾಲಗೆಯ ಅಡಿಯಲ್ಲಿ ತೆಳು ಕಾಗದ ಆಡಿಸಿ ಧೂಳು ತೆಗೆಯಿರಿ. ರೆಕಾರ್ಡಿಂಗ್ ಎಲ್ಲ ಮುಗಿದ ಮೇಲೂ ರಿಪೇರಿಯವರಿಗೆ ಬರೆದೇ ಕೊಡಿ: ತೊಗಲು, ಸ್ಪ್ರಿಂಗ್, ತಿದಿಯ ಸೋರಿಕೆ ಇಷ್ಟೇ, ರೀಡು ಕೆರೆಯಬಾರದು.

ಪಡುಬಿದ್ರಿ ಧ್ವನಿ

ಕಾರ್ಯದ ದಿನಕ್ಕೆ: ಬ್ಲೂಟೂತ್ ಡಬ್ಬಿ ಬೇಡ, ಊಟದ ಚಪ್ಪರದಲ್ಲಿ ಕೇಳುವುದಿಲ್ಲ. ಎರಡು ಪವರ್ಡ್ ಸ್ಪೀಕರ್, ವಯರಿನಲ್ಲಿ, ಕೂತವರ ಕಿವಿಯ ಎತ್ತರಕ್ಕೆ. 80 ಹರ್ಟ್ಸ್‌ಗಿಂತ ಕೆಳಗಿನದ್ದು ಕತ್ತರಿಸಿ, ಗುಂಯ್ ಕಮ್ಮಿ ಆಗ್ತದೆ, ದನಿಗೆ ಏನೂ ಆಗುವುದಿಲ್ಲ. ಐದು ಹಾಡು, 25 ನಿಮಿಷ ಸಾಕು. ಎಐ ಮಾತು ಹಿಂದಕ್ಕೆ ತಗೊಂಡೆ.

ಟೇಪ್‌ಪೆಟ್ಟಿಗೆ

ಮೂರು ಪ್ರತಿ ಇರಲಿ: ಎರಡು ಹಾರ್ಡ್ ಡಿಸ್ಕ್ ಬೇರೆ ಬೇರೆ ಊರಿನ ಮನೆಯಲ್ಲಿ, ಒಂದು ಕ್ಲೌಡ್‌ನಲ್ಲಿ. ಮೂಲ ಕ್ಯಾಸೆಟ್ ಎಸೆಯಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ನಿಲ್ಲಿಸಿ ಇಡಿ, 10 ಲೀಟರಿನ ಡಬ್ಬಿಗೆ 100 ಗ್ರಾಂ ಸಿಲಿಕಾ ಜೆಲ್. ಬಣ್ಣ ಬದಲಾದಾಗ ಜೆಲ್ಲನ್ನು ಮಾತ್ರ 110 ಡಿಗ್ರಿಯ ಓವನ್‌ನಲ್ಲಿ ಎರಡು ಮೂರು ಗಂಟೆ ಒಣಗಿಸಿ ಮತ್ತೆ ಹಾಕಿ. ಟೇಪನ್ನು ಓವನ್‌ಗೆ ಹಾಕುವ ವಿಡಿಯೋ ನೋಡಿ ಹಾಗೆ ಮಾಡಬೇಡಿ, ಅದು ಕೆಲವು ಬಗೆಯ ದೊಡ್ಡ ಸ್ಪೂಲ್ ಟೇಪಿಗೆ ಹೇಳಿದ್ದು.

ಮತ್ತೆ ಪಟ್ಟಿ. ಒಂದೊಂದು ಹಾಡಿಗೂ ಒಂದು ಸಾಲು: ಕ್ಯಾಸೆಟ್, ಬದಿ, ಶುರುವಾಗುವ ನಿಮಿಷ, ಮೊದಲ ಸಾಲು, ಭಾಷೆ, ಸಂದರ್ಭ, ಒತ್ತಿದ ಕೀ, ವೇಗದ ಗುಣಕ, ಜೊತೆಗೆ ಹಾಡಿದವರು, ಹಿನ್ನೆಲೆ. ಪಟ್ಟಿ ಇಲ್ಲದ 27 ಜಿಬಿಯನ್ನು ಯಾರೂ ತೆರೆಯುವುದಿಲ್ಲ.

ಮಲ್ಪೆ ಮೊಮ್ಮಗಳು

78 ಸ್ವರ ರೆಕಾರ್ಡ್ ಆಯ್ತು. ಕಪ್ಪು ಮೂರು ಈಗ 367. ಇಸವಿ ಬರೆದ ಎರಡು ಕ್ಯಾಸೆಟ್ಟಿನಿಂದ ಶುರು ಮಾಡಿದ್ದೇನೆ. ಪಟ್ಟಿಯ ಒಂದು ಸಾಲು ಹಾಕ್ತೇನೆ, ಕ್ರಮ ಸರಿ ಉಂಟಾ ನೋಡಿ:

ಕ್ಯಾ. 02, ಬದಿ ಬಿ, 21:40. ಉರುಟಣೆ ಹಾಡು. ಕನ್ನಡ. ಬಿಳಿ ನಾಲ್ಕು. ಗುಣಕ 0.961. ಸೊಲ್ಲಿಗೆ ಇಬ್ಬರು, ಒಬ್ಬರು ದೊಡ್ಡಮ್ಮ, ಇನ್ನೊಬ್ಬರನ್ನು ಕೇಳಬೇಕು. ಎಣಿಕೆ 7. ಹಿನ್ನೆಲೆ: ಮಳೆ, ಪಾತ್ರೆ. ಮೂರನೇ ನುಡಿಯಲ್ಲಿ ಶಬ್ದ ಮರೆತು ನಿಲ್ಲಿಸಿ, ಪೆಟ್ಟಿಗೆಯಲ್ಲಿ ಆ ಸಾಲು ಬಾರಿಸಿ ನೆನಪು ಮಾಡಿಕೊಂಡು ಮುಂದೆ ಹಾಡ್ತಾರೆ (11 ಸೆಕೆಂಡು). ಕತ್ತರಿಸಿಲ್ಲ.

ಸ್ವರಲಿಪಿ, ಕಡಿಯಾಳಿ

ಕ್ರಮ ಸರಿ ಉಂಟು. ಆ 11 ಸೆಕೆಂಡಿಗೆ ಬೇರೆಯೇ ಸಾಲು ಕೊಡಿ. ಮಾತಿಲ್ಲದೆ ಬರೀ ಧಾಟಿ ಬಾರಿಸಿದ ಜಾಗ ಅದೊಂದೇ ಇರಬಹುದು, ಸ್ವರ ಬರೆಯುವುದನ್ನು ಅಲ್ಲಿಂದಲೇ ಶುರು ಮಾಡಿ.